ಒದ್ದೆ ನೆಲದ ಉದ್ದ ಕಾಲಿನ ನೊಣ

ಮುಂಗಾರು ಹಿಡಿದು ವಾರ ಕಳೆದಿರುತ್ತದೆ. ಸಂಜೆ ಹೋದ ಕರೆಂಟು ಬಂದು ಜಗಲಿಯ ಬಲ್ಬು ಹೊತ್ತಿದ್ದೇ ತಡ, ಹುಳಗಳ ಜಾತ್ರೆ ಶುರು. ಈಸಲು ಹುಳ, ಪತಂಗ, ದಾರಿ ತಪ್ಪಿ ಬಂದ ದುಂಬಿ. ಇವುಗಳ ನಡುವೆ ಒಂದು ವಿಚಿತ್ರ ಆಸಾಮಿ ಕಾಣಿಸಿಕೊಳ್ಳುತ್ತದೆ. ಆರು ಕಾಲುಗಳನ್ನೂ ಎಲ್ಲೆಂದರಲ್ಲಿ ಜೋತುಬಿಟ್ಟು, ಗೋಡೆಗೆ ಡಿಕ್ಕಿ ಹೊಡೆಯುತ್ತ, ಮೂಲೆಯಲ್ಲಿ ತಡವರಿಸುತ್ತ, ಹಾರುವುದೋ ಬೀಳುವುದೋ ತೀರ್ಮಾನವಾಗದಂತೆ ಓಲಾಡುತ್ತದೆ. ‘ಅಬ್ಬಾ, ಎಷ್ಟು ದೊಡ್ಡ ಸೊಳ್ಳೆ!’ ಎಂದು ಮಕ್ಕಳು ಕಿರುಚುತ್ತಾರೆ. ಯಾರೋ ಎದ್ದು ಸೊಳ್ಳೆ ಬ್ಯಾಟು ಹುಡುಕುತ್ತಾರೆ.

ಡೆಂಗಿ ಕಾಲದಲ್ಲಿ ಸೊಳ್ಳೆಯ ಆಕಾರದ ಯಾವ ಜೀವಿಗೂ ಮನೆಯೊಳಗೆ ಉಳಿಗಾಲವಿಲ್ಲ. ಆದರೆ ಇದು ಸೊಳ್ಳೆಯಲ್ಲ. ಇದರ ಹೆಸರು ಕ್ರೇನ್ ಫ್ಲೈ. ರಕ್ತ ಹೀರಲು ಬೇಕಾದ ಸೂಜಿ ಇದಕ್ಕಿಲ್ಲ, ಕುಟುಕುವ ಮುಳ್ಳಿಲ್ಲ, ರೋಗ ಹರಡುವ ಚಾಳಿಯೂ ಇಲ್ಲ. ನಮ್ಮ ಬಲ್ಬಿನ ಬಳಿ ಬರುವ ಹೊತ್ತಿಗೆ ಅದರ ಆಯುಸ್ಸಿನ ಬಹುಪಾಲು ಮುಗಿದೇಹೋಗಿರುತ್ತದೆ. ಅದು ಉಂಡದ್ದು, ಬೆಳೆದದ್ದು, ಲೋಕಕ್ಕೆ ಉಪಕಾರವನ್ನೋ ಉಪದ್ರವವನ್ನೋ ಮಾಡಿದ್ದು ಎಲ್ಲವೂ ಮಣ್ಣಿನಲ್ಲಿ, ಕೆಸರಿನಲ್ಲಿ, ಕೊಳೆತ ಎಲೆಯ ಅಡಿಯಲ್ಲಿ. ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವೇ ದಿನ, ಹೆಚ್ಚೆಂದರೆ ಎರಡು ವಾರ.

ಸೊಳ್ಳೆಯಂತೆ ಕಂಡರೂ

ಸೊಳ್ಳೆ ಮತ್ತು ಕ್ರೇನ್ ಫ್ಲೈ ದೂರದ ನೆಂಟರೇ. ಎರಡೂ ಎರಡೇ ರೆಕ್ಕೆಯ ಕೀಟಗಳ ಗುಂಪಿಗೆ, ಅಂದರೆ ನೊಣಗಳ ಬಳಗಕ್ಕೆ ಸೇರಿದವು. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಸೊಳ್ಳೆಯ ತಲೆಯಿಂದ ಚಾಚಿದ ಸೂಜಿ ಬರಿಗಣ್ಣಿಗೇ ಕಾಣುತ್ತದೆ. ಸಾಮಾನ್ಯ ಕ್ರೇನ್ ಫ್ಲೈಗೆ ಇರುವುದು ಮೊಂಡು ಮೂತಿ. ಸೊಳ್ಳೆಯ ರೆಕ್ಕೆಯ ನರಗಳ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಇದರ ರೆಕ್ಕೆ ಸಾಮಾನ್ಯವಾಗಿ ಬೋಳು, ಕೆಲವದರಲ್ಲಿ ಕಂದು ಚುಕ್ಕೆ ಪಟ್ಟೆಗಳ ಚಿತ್ತಾರ. ಭೂತಗನ್ನಡಿ ಹಿಡಿದು ಬೆನ್ನು ನೋಡಿದರೆ ರೆಕ್ಕೆಗಳ ಬುಡದ ನಡುವೆ ಇಂಗ್ಲಿಷಿನ ವಿ ಅಕ್ಷರದಂಥ ಗೀರು ಕಾಣುತ್ತದೆ. ಕೀಟತಜ್ಞರು ಗುರುತು ಹಿಡಿಯುವುದು ಈ ಗೀರಿನಿಂದಲೇ.

ಗಾತ್ರದಲ್ಲಿ ಮಾತ್ರ ಈ ಬಳಗಕ್ಕೆ ಲಂಗುಲಗಾಮಿಲ್ಲ. ಕೆಲವು ಪ್ರಭೇದಗಳು ಸೊಳ್ಳೆಗಿಂತಲೂ ಚಿಕ್ಕವು. ಇನ್ನೊಂದು ತುದಿಯಲ್ಲಿ ಪೂರ್ವ ಏಷ್ಯಾದ ಹೊಲೊರೂಸಿಯಾ ಮಿಕಾಡೊ ಇದೆ. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಸಿಕ್ಕ ಒಂದರ ರೆಕ್ಕೆಗಳ ಹರವು 11 ಸೆಂಟಿಮೀಟರ್ ದಾಟಿತ್ತು. 2018ರಲ್ಲಿ ಅದರ ಚಿತ್ರ ‘ಜಗತ್ತಿನ ಅತಿ ದೊಡ್ಡ ಸೊಳ್ಳೆ’ ಎಂಬ ತಲೆಬರಹ ಹೊತ್ತು ಊರೂರು ಸುತ್ತಿತು. ಪಾಪದ ಪ್ರಾಣಿಗೆ ಕಳಂಕ ಅಂಟಿದ್ದು ಹಾಗೆ.

ಹೆಣ್ಣಿನ ಹೊಟ್ಟೆಯ ತುದಿ ಚೂಪು. ನೋಡಿದವರು ಕುಟುಕು ಮುಳ್ಳೆಂದು ಹೆದರುತ್ತಾರೆ. ಅದು ಮೊಟ್ಟೆಯನ್ನು ನೆಲದೊಳಗೆ ಊರುವ ಸಾಧನ, ಚರ್ಮಕ್ಕೆ ಚುಚ್ಚುವುದಿಲ್ಲ. ಗಂಡಿನ ಹೊಟ್ಟೆಯ ತುದಿ ಮೊಂಡಾಗಿ ಉಬ್ಬಿರುತ್ತದೆ. ಬಲ್ಬಿನ ಕೆಳಗೆ ಕುಳಿತದ್ದು ಗಂಡೋ ಹೆಣ್ಣೋ ಎಂದು ಹೇಳಲು ಇಷ್ಟೇ ಸಾಕು.

ಕುಳಿತಾಗ ಇನ್ನೊಂದನ್ನೂ ನೋಡಬಹುದು. ಎರಡು ರೆಕ್ಕೆಗಳ ಹಿಂದೆ, ತುದಿಯಲ್ಲಿ ಗುಂಡು ಇರುವ ಎರಡು ಪುಟ್ಟ ಕಡ್ಡಿಗಳು ಹೊರಚಾಚಿರುತ್ತವೆ. ಇವು ಹಾಲ್ಟೀರ್‌ಗಳು. ಬೇರೆ ಕೀಟಗಳಲ್ಲಿ ಹಿಂದಿನ ಜೊತೆ ರೆಕ್ಕೆ ಇರುವ ಜಾಗದಲ್ಲಿ ನೊಣಗಳಿಗೆ ಇವು ಉಳಿದುಕೊಂಡಿವೆ. ಹಾರುವಾಗ ರೆಕ್ಕೆಯ ಲಯಕ್ಕೆ ಇವೂ ಮಿಡಿಯುತ್ತವೆ. ದೇಹ ಎತ್ತ ವಾಲಿತು, ಎತ್ತ ತಿರುಗಿತು ಎಂಬ ಸುದ್ದಿ ನರಮಂಡಲಕ್ಕೆ ಇವುಗಳಿಂದಲೇ ಹೋಗುತ್ತದೆ. ಇವನ್ನು ಕಿತ್ತರೆ ನೊಣ ನೆಟ್ಟಗೆ ಹಾರಲಾರದು ಎಂಬುದನ್ನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಡೆರ್‌ಹಾಮ್ 18ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದ. ಮನೆನೊಣದಲ್ಲಿ ಹಾಲ್ಟೀರ್ ಹುಡುಕಬೇಕೆಂದರೆ ಸೂಕ್ಷ್ಮದರ್ಶಕ ತರಬೇಕು. ಕ್ರೇನ್ ಫ್ಲೈಯಲ್ಲಿ ಕನ್ನಡಕ ಹಾಕಿಕೊಂಡರೆ ಸಾಕು.

ಕಾಲು ಬಿಟ್ಟು ಓಡುವ ಜಾಣ್ಮೆ

ಈ ನೊಣದ ಕಾಲು ಹಿಡಿದವರಿಗೆಲ್ಲ ಒಂದೇ ಅನುಭವ: ಕಾಲು ಕೈಯಲ್ಲಿ, ನೊಣ ಗಾಳಿಯಲ್ಲಿ. ಬುಡದ ಬಳಿ ಕಾಲು ಸಲೀಸಾಗಿ ಕಳಚಿಕೊಳ್ಳುವ ಕೀಲು ಇದೆ. ಹಲ್ಲಿಯ ಬಾಯಿಗೋ ಹಕ್ಕಿಯ ಕೊಕ್ಕಿಗೋ ಕಾಲು ಸಿಕ್ಕರೆ ಅದನ್ನು ದಾನ ಕೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಹಲ್ಲಿಯ ಬಾಲದಂತೆ ಅದು ಮತ್ತೆ ಬೆಳೆಯುವುದಿಲ್ಲ. ಐದು ಕಾಲಿನ, ನಾಲ್ಕು ಕಾಲಿನ ಕ್ರೇನ್ ಫ್ಲೈಗಳು ನಿತ್ಯದ ನೋಟ. ಉಳಿದ ಆಯುಸ್ಸೇ ವಾರವೆಂದಾದರೆ ಕಾಲು ಬೆಳೆಸಿಕೊಂಡು ಆಗಬೇಕಾದದ್ದಾದರೂ ಏನು?

ಈ ವಿದ್ಯೆಯನ್ನು ಹಿಮದ ನಾಡಿನ ಅದರ ನೆಂಟ ಎಲ್ಲಿಗೆ ಒಯ್ದಿದೆ ನೋಡಿ. ಕಿಯೋನಿಯಾ ಎಂಬ ಈ ಕ್ರೇನ್ ಫ್ಲೈಗೆ ರೆಕ್ಕೆಯೇ ಇಲ್ಲ; ಚಳಿಗಾಲದಲ್ಲಿ ಹಿಮದ ಮೇಲೆ ಜೇಡದಂತೆ ನಡೆದಾಡುತ್ತ ಸಂಗಾತಿಯನ್ನು ಹುಡುಕುತ್ತದೆ. ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಇನ್ನೊಂದು ವರ್ತನೆ ಬೆಳಕಿಗೆ ಬಂತು. ಸೊನ್ನೆ ಡಿಗ್ರಿಗಿಂತ ಕೆಳಗೂ ಅದು ನಡೆಯುತ್ತಲೇ ಇರುತ್ತದೆ. ಯಾವುದಾದರೂ ಕಾಲಿನೊಳಗಿನ ದ್ರವ ಹೆಪ್ಪುಗಟ್ಟಲು ಶುರುವಾದರೆ ಆ ಕಾಲನ್ನು ತಟ್ಟನೆ ಕಳಚಿ ಎಸೆಯುತ್ತದೆ. ಮಂಜಿನ ಹರಳು ಕಾಲಿನಿಂದ ಒಡಲಿಗೆ ಹಬ್ಬುವ ಮೊದಲೇ ಸಂಬಂಧ ಕಡಿದುಕೊಳ್ಳುತ್ತದೆ.

ಉಷ್ಣವಲಯದ ಕಾಡುಗಳಲ್ಲಿ ಉದ್ದ ಕಾಲಿಗೆ ಬೇರೆಯೇ ಉಪಯೋಗ. ಮರದ ಬುಡದ ಪೊಟರೆಯಲ್ಲಿ, ಕಿರುಸೇತುವೆಯ ಅಡಿಯ ಕತ್ತಲಲ್ಲಿ ಜೇಡನ ಬಲೆಯೊಂದರ ಅಂಟಿಲ್ಲದ ಎಳೆಗೆ ಸಣ್ಣ ಕ್ರೇನ್ ಫ್ಲೈಗಳು ಸಾಲಾಗಿ ನೇತಾಡುವುದನ್ನು ನೋಡಬಹುದು. ಸಿಕ್ಕಿಬಿದ್ದಿವೆ ಎಂದುಕೊಂಡು ಬೆರಳು ಚಾಚಿದರೆ ಎಲ್ಲವೂ ಒಟ್ಟಿಗೆ ಮೇಲೆ ಕೆಳಗೆ ಜೀಕತೊಡಗುತ್ತವೆ. ಇನ್ನಷ್ಟು ಹತ್ತಿರ ಹೋದರೆ ಎಳೆ ಬಿಟ್ಟು ಹಾರಿ, ಒಂದು ಸುತ್ತು ಹೊಡೆದು, ಮತ್ತೆ ಅದೇ ಎಳೆಗೆ ಬಂದು ಜೋತು ಬೀಳುತ್ತವೆ. ಬೇಟೆಗಾರನ ಮನೆಯ ಸೂರಿನಡಿಯೇ ಬಿಡಾರ!

ಅಂಟಿಕೊಂಡ ಕಟ್ಟುಕಥೆಗಳು

ಇಂಟರ್‌ನೆಟ್ಟಿನಲ್ಲಿ ಕ್ರೇನ್ ಫ್ಲೈ ಬಗ್ಗೆ ಎರಡು ಕಥೆಗಳಿಗೆ ಸಾವೇ ಇಲ್ಲ. ಮೊದಲನೆಯದು, ಇದು ಜಗತ್ತಿನ ಅತ್ಯಂತ ವಿಷಕಾರಿ ಕೀಟ, ಆದರೆ ಹಲ್ಲು ಗಿಡ್ಡವಾದ್ದರಿಂದ ನಾವು ಬದುಕಿದ್ದೇವೆ ಎಂಬುದು. ವಿಷವೂ ಇಲ್ಲ, ಹಲ್ಲೂ ಇಲ್ಲ. ಎರಡನೆಯದು ಇದು ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ ಎಂಬುದು. ಇದು ಹೊಗಳಿಕೆ, ಆದರೂ ಸುಳ್ಳು. ಸೊಳ್ಳೆಯನ್ನು ಬೆನ್ನಟ್ಟುವ ಮಾತಿರಲಿ, ಗೋಡೆಗೆ ಡಿಕ್ಕಿ ಹೊಡೆಯದೆ ಕೋಣೆ ದಾಟುವುದೇ ಇದಕ್ಕೆ ಸಾಹಸ.

ಸೊಳ್ಳೆ ತಿನ್ನುವ ಕೀರ್ತಿ ನಿಜಕ್ಕೂ ಸಲ್ಲಬೇಕಾದದ್ದು ಇನ್ನೊಂದು ದೊಡ್ಡ ಕೀಟಕ್ಕೆ. ಟಾಕ್ಸೊರಿಂಕೈಟಿಸ್ ಎಂಬ, ಮೈಮೇಲೆ ನೀಲಿ ಹಸಿರು ಹೊಳಪಿನ, ಅಪ್ಪಟ ಸೊಳ್ಳೆ ಅದು, ಭಾರತದಲ್ಲೂ ಇದೆ. ಮರದ ಪೊಟರೆ, ಬಿದಿರಿನ ಬೊಂಬುಗಳ ನೀರಿನಲ್ಲಿ ಬೆಳೆಯುವ ಅದರ ಮರಿ ಬೇರೆ ಸೊಳ್ಳೆಗಳ ಮರಿಗಳನ್ನು ತಿಂದು ಬದುಕುತ್ತದೆ. ದೊಡ್ಡದಾದ ಮೇಲೆ ಹೂವಿನ ಮಕರಂದವಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ.

ಹಾಗಾದರೆ ರೆಕ್ಕೆ ಬಂದ ಕ್ರೇನ್ ಫ್ಲೈ ಏನು ತಿನ್ನುತ್ತದೆ? ಹೆಚ್ಚಿನವು ಏನೂ ತಿನ್ನುವುದಿಲ್ಲ. ಒಂದಿಷ್ಟು ನೀರು ಹೀರಿದರೆ ಹೀರಿದವು. ಕೆಲವು ಸಣ್ಣ ಬಗೆಗಳಿಗೆ ಮೂತಿ ಉದ್ದವಾಗಿ ಕೊಳವೆಯಾಗಿರುತ್ತದೆ. ಎಲೆಫ್ಯಾಂಟೊಮಿಯಾ ಕುಲದಲ್ಲಂತೂ ಅದು ಹೆಚ್ಚುಕಡಿಮೆ ಮೈಯುದ್ದ. ಅವು ಹೂವಿನಿಂದ ಹೂವಿಗೆ ಹೋಗಿ ಮಕರಂದ ಹೀರುತ್ತವೆ. ಮಿಕ್ಕವಕ್ಕೆ ಬಾಲ್ಯದಲ್ಲಿ ಕೂಡಿಟ್ಟ ಕೊಬ್ಬೇ ಕೊನೆಯ ದಿನಗಳ ಬುತ್ತಿ. ಆ ದಿನಗಳಲ್ಲಿ ಆಗಬೇಕಾದ ಕೆಲಸವೆಂದರೆ ಕೂಡುವುದು, ಮೊಟ್ಟೆ ಇಡುವುದು.

ಮರಿಹುಳದ ಲೋಕ

ಯುರೋಪಿನ ಹುಲ್ಲುಗಾವಲುಗಳ ಟಿಪ್ಯುಲಾ ಪಲುಡೋಸಾ ಈ ಬಳಗದಲ್ಲೇ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಪ್ರಭೇದ. ಬೇಸಿಗೆ ಮುಗಿಯುವ ಹೊತ್ತಿಗೆ ಹೆಣ್ಣು ಹುಲ್ಲಿನ ಬುಡದಲ್ಲಿ ಹೊಟ್ಟೆಯ ತುದಿಯನ್ನು ಕುಕ್ಕುತ್ತ ಕಪ್ಪನೆಯ, ಹೊಳೆಯುವ ಮೊಟ್ಟೆಗಳನ್ನು ನೂರಾರು ಸಂಖ್ಯೆಯಲ್ಲಿ ಊರುತ್ತದೆ. ಕೋಶದಿಂದ ಹೊರಬರುವಾಗಲೇ ಅದರ ಹೊಟ್ಟೆಯಲ್ಲಿ ಮೊಟ್ಟೆ ಬಲಿತಿರುತ್ತದೆ. ಎರಡು ವಾರದಲ್ಲಿ ಮರಿ ಹೊರಬಂದು, ಶರತ್ಕಾಲ, ಚಳಿಗಾಲ, ವಸಂತ ಎಲ್ಲವನ್ನೂ ನೆಲದಡಿ ಕಳೆದು, ಮುಂದಿನ ಬೇಸಿಗೆಯಲ್ಲಿ ಕೋಶ ಕಟ್ಟುತ್ತದೆ. ಉತ್ತರ ಧ್ರುವದ ಸಮೀಪದ ಕೆಲವು ಪ್ರಭೇದಗಳ ಮರಿಗಳಿಗೆ ಬೆಳೆದು ದೊಡ್ಡವಾಗಲು ಹಲವು ವರ್ಷ ಬೇಕು. ಅಲ್ಲಿ ನೆಲ ಕರಗಿ ತಿನ್ನಲು ಅವಕಾಶವಾಗುವುದೇ ವರ್ಷಕ್ಕೆ ಕೆಲವು ವಾರ.

ಮರಿ ನೋಡಲು ಚೆಂದವೇನಿಲ್ಲ. ಬೂದು ಇಲ್ಲವೇ ಮಣ್ಣಿನ ಬಣ್ಣದ, ಕಾಲಿಲ್ಲದ, ಉರುಟಾದ ಹುಳು. ದೊಡ್ಡ ಬಗೆಗಳಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದ. ತೊಗಲಿನಷ್ಟು ಗಟ್ಟಿ ಮೈ ಇರುವುದರಿಂದ ಇಂಗ್ಲೆಂಡಿನ ರೈತರ ಬಾಯಲ್ಲಿ ಇದು ‘ಲೆದರ್ ಜಾಕೆಟ್’. ಮುಟ್ಟಿದರೆ ತಲೆಯನ್ನು ಎದೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಆಗ ಯಾವ ತುದಿ ಮುಂದೆ, ಯಾವುದು ಹಿಂದೆ ಎಂಬುದೇ ತಿಳಿಯದು. ಹಿಂದಿನ ತುದಿಯಲ್ಲಿ ಮುಖವೇ ಇದೆ ಎನಿಸುತ್ತದೆ: ಎರಡು ಕಪ್ಪು ಕಣ್ಣು, ಸುತ್ತಲೂ ಪುಟ್ಟ ಕೊಂಬುಗಳಂಥ ಮಾಂಸಲ ಚಾಚುಗಳು. ಕಣ್ಣೆಂದು ತೋರುವುದು ಉಸಿರಾಟದ ರಂಧ್ರ. ಕೆಸರಿನಲ್ಲಿ ತಲೆ ಹುದುಗಿಸಿ ಉಣ್ಣುತ್ತಿರುವಾಗ ಈ ಹಿಂಬದಿ ಮಾತ್ರ ಗಾಳಿಗೆ ತೆರೆದಿರುತ್ತದೆ. ನೀರಿಗೆ ಇಳಿದರೆ ಚಾಚುಗಳು ಮಡಚಿಕೊಂಡು ರಂಧ್ರ ಮುಚ್ಚುತ್ತವೆ.

ಮಲೆನಾಡಿನ ತೋಟಿಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಅಡಿಕೆಯ ಬುಡ ಅಗೆದಾಗ ಸಿಗುವ, ಅರ್ಧಚಂದ್ರಾಕಾರದಲ್ಲಿ ಮುರುಟಿಕೊಂಡ, ಬಿಳಿ ಮೈ ಕಂದು ತಲೆಯ ಬೇರುಹುಳು ಇದಲ್ಲ. ಅದು ದುಂಬಿಯ ಮರಿ. ಅದಕ್ಕೆ ಆರು ಕಾಲುಗಳಿವೆ. ಕ್ರೇನ್ ಫ್ಲೈ ಮರಿಗೆ ಕಾಲಿಲ್ಲ, ಹಾಗೆ ಮುರುಟಿಕೊಂಡೂ ಇರುವುದಿಲ್ಲ. ತೋಟದ ದರಗಿನಡಿ ಅದು ಸಿಕ್ಕರೆ ಔಷಧಿ ಹೊಡೆಯಲು ಓಡಬೇಕಾಗಿಲ್ಲ.

ಎಲ್ಲಿ ತೇವವಿದೆಯೋ ಅಲ್ಲಿ ಈ ಬಳಗದ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಳ್ಳದ ದಂಡೆಯ ಮರಳು, ಝರಿಯ ಬಂಡೆಗೆ ಅಂಟಿದ ಹಾವಸೆ, ಕೊಳೆತ ಮರದ ದಿಮ್ಮಿ, ಮರದ ಪೊಟರೆಯ ನೀರು, ಅಣಬೆಯ ಒಡಲು. ಜಪಾನಿನ ಕಡಲತಡಿಯ ಬಂಡೆಗಳ ಮೇಲೆ, ಭರತದ ನೀರು ಬಂದು ತೋಯಿಸುವ ಪಾಚಿಯಲ್ಲಿ ಬೆಳೆಯುವ ಪ್ರಭೇದವೂ ಇದೆ. ಉಪ್ಪುನೀರಿಗೆ ಹೆದರದ ಕೀಟಗಳೇ ಕಡಿಮೆ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಕೊಳೆತದ್ದರಲ್ಲೇ ರುಚಿ

ಮರಿಯ ಊಟದಲ್ಲಿ ಮುಖ್ಯವಾದದ್ದು ಸತ್ತ ಎಲೆ. ಕಾಡಿನ ತೊರೆಗೆ ಬಿದ್ದ ಎಲೆಯನ್ನು ಬಿದ್ದ ದಿನವೇ ಅದು ಮುಟ್ಟುವುದಿಲ್ಲ. ನೀರಿನಲ್ಲಿ ನೆನೆಯಬೇಕು, ಅದರ ಮೇಲೆ ಶಿಲೀಂಧ್ರ, ಬ್ಯಾಕ್ಟೀರಿಯಾ ಹಬ್ಬಬೇಕು. ಅಕ್ಕಿ ಉದ್ದು ನೆನೆದು, ರುಬ್ಬಿ, ರಾತ್ರಿಯಿಡೀ ಹುಳಿ ಬಂದ ಮೇಲೆಯೇ ಹಿಟ್ಟು ದೋಸೆಗೆ ಒದಗುವಂತೆ, ಸೂಕ್ಷ್ಮಜೀವಿಗಳು ಹದ ಮಾಡಿದ ಮೇಲೆಯೇ ಎಲೆ ಮರಿಯ ಊಟಕ್ಕೆ ಒದಗುತ್ತದೆ. ಬರಿಯ ಎಲೆಯಲ್ಲಿರುವ ಸೆಲ್ಯುಲೋಸ್ ಬಹಳ ಗಟ್ಟಿ, ಸಾರ ಕಡಿಮೆ. ಮರಿಗೆ ಪೋಷಣೆ ಕೊಡುವುದು ಎಲೆಯ ಮೇಲೆ ಬೆಳೆದ ಆ ಸೂಕ್ಷ್ಮಜೀವಿಗಳ ಪದರವೇ. ಅಮೆರಿಕದ ತೊರೆಗಳ ಟಿಪ್ಯುಲಾ ಅಬ್ಡಾಮಿನಾಲಿಸ್ ಎಂಬ ಪ್ರಭೇದದ ಮರಿಯ ಕರುಳಲ್ಲಿ ನಾರು ಒಡೆಯುವ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ.

ಮರಿ ತಿಂದು ಹೊರಹಾಕಿದ ಚೂರುಗಳಿಗೂ ಗಿರಾಕಿಗಳಿದ್ದಾರೆ. ನೀರಿನ ಕೆಳಹರಿವಿನಲ್ಲಿ ಸಣ್ಣ ಕಣಗಳನ್ನು ಸೋಸಿ ತಿನ್ನುವ ಜೀವಿಗಳಿಗೆ ಅದೇ ಆಹಾರ. ಹೀಗೆ ಮರದಿಂದ ಉದುರಿದ ಎಲೆ ಮೊದಲು ಹುಳುವಾಗಿ, ಆಮೇಲೆ ಮೀನೋ ಕಪ್ಪೆಯೋ ಆಗುತ್ತದೆ. ರೆಕ್ಕೆ ಬಂದು ಮೇಲೆ ಹಾರಿದರೆ ಹಕ್ಕಿ, ಬಾವಲಿ, ಜೇಡಗಳ ಪಾಲು.

ಎಲ್ಲ ಮರಿಗಳೂ ಸಾಧುಗಳಲ್ಲ. ಭಾರತದಲ್ಲೂ ಇರುವ ಹೆಕ್ಸಟೋಮಾ ಕುಲದ ಮರಿಗಳು ಬೇಟೆಗಾರರು. ಹಳ್ಳದ ಜಲ್ಲಿಯ ಸಂದಿಯಲ್ಲಿ ನುಸುಳಿ, ಹಿಂಬದಿಯ ಒಂದು ಭಾಗವನ್ನು ಚೆಂಡಿನಂತೆ ಉಬ್ಬಿಸಿ ಲಂಗರು ಹಾಕಿಕೊಂಡು, ಮುಂಭಾಗವನ್ನು ಚಾಚಿ ಬೇರೆ ಹುಳುಗಳನ್ನು ಕಚ್ಚಿ ಎಳೆಯುತ್ತವೆ. ಪೆಡೀಶಿಯಾ ಎಂಬ ಇನ್ನೊಂದು ಕುಲದವೂ ಬೇಟೆಗಾರರೇ. ಒಂದೇ ಬಳಗದಲ್ಲಿ ಕೆಲವು ಸಸ್ಯಾಹಾರಿ, ಕೆಲವು ಮಾಂಸಾಹಾರಿ. ಬಹುಪಾಲು ಮಾತ್ರ ಕೊಳೆತದ್ದನ್ನು ತಿಂದು ಚೊಕ್ಕ ಮಾಡುವ ಜಾಡಮಾಲಿಗಳು.

ಲಾರ್ಡ್ಸ್ ಪಿಚ್ ಕೆಡಿಸಿದ ಹುಳು

ಜೀವಂತ ಬೇರನ್ನು ಕಡಿಯುವ ಕೆಲವೇ ಪ್ರಭೇದಗಳಿಂದ ಇಡೀ ಬಳಗಕ್ಕೆ ಕೆಟ್ಟ ಹೆಸರು ಬಂದಿದೆ. ಮುಖ್ಯ ಆರೋಪಿ ಯುರೋಪಿನ ಅದೇ ಟಿಪ್ಯುಲಾ ಪಲುಡೋಸಾ ಮತ್ತು ಅದರ ಹತ್ತಿರದ ಟಿಪ್ಯುಲಾ ಒಲೆರೇಸಿಯಾ. ಹುಲ್ಲಿನ ಬೇರು ಮತ್ತು ಬುಡ ಇವುಗಳ ಮರಿಗಳ ಆಹಾರ.

ಕ್ರಿಕೆಟ್ ಪ್ರಿಯರಿಗೆ ಇವುಗಳ ಅತಿ ದೊಡ್ಡ ಪರಾಕ್ರಮ 1935ರದ್ದು. ಆ ವರ್ಷ ಲಂಡನ್ನಿನ ಲಾರ್ಡ್ಸ್ ಮೈದಾನಕ್ಕೆ ಲೆದರ್ ಜಾಕೆಟ್ ಹುಳುಗಳು ಮುತ್ತಿಗೆ ಹಾಕಿದವು. ಸಿಬ್ಬಂದಿ ಸಾವಿರಗಟ್ಟಲೆ ಹುಳು ಆರಿಸಿ ಸುಟ್ಟರೂ ಹುಲ್ಲು ಉಳಿಯಲಿಲ್ಲ. ನೆಲ ಬೋಳಾಗಿ ಚೆಂಡು ಗಿರಗಿರನೆ ತಿರುಗತೊಡಗಿತು. ಜೂನ್ ಕೊನೆಯಲ್ಲಿ ಆರಂಭವಾದ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಲೆಗ್ ಸ್ಪಿನ್ನರ್ ಝೆನೊಫೋನ್ ಬಲಸ್ಕಸ್ ಒಂಬತ್ತು ವಿಕೆಟ್ ಕಿತ್ತರು. ಬ್ರೂಸ್ ಮಿಚೆಲ್ ಅದೇ ಪಿಚ್ಚಿನಲ್ಲಿ ಔಟಾಗದೆ 164 ರನ್ ಹೊಡೆದರು ಎಂಬುದನ್ನೂ ಹೇಳದಿದ್ದರೆ ಹುಳುವಿಗೆ ಅತಿಯಾದ ಶ್ರೇಯ ಕೊಟ್ಟಂತಾಗುತ್ತದೆ. 157 ರನ್‌ಗಳಿಂದ ಗೆದ್ದ ದಕ್ಷಿಣ ಆಫ್ರಿಕಾಕ್ಕೆ ಇಂಗ್ಲೆಂಡಿನ ನೆಲದಲ್ಲಿ ಅದು ಮೊದಲ ಟೆಸ್ಟ್ ಜಯ. ಸರಣಿಯೂ ಅವರದ್ದಾಯಿತು.

ಈ ಹುಳು ಆಮೇಲೆ ಅಟ್ಲಾಂಟಿಕ್ ದಾಟಿತು. 1950ರ ದಶಕದಲ್ಲಿ ಕೆನಡಾದ ಪೂರ್ವ ತೀರದಲ್ಲಿ, 60ರ ದಶಕದಲ್ಲಿ ಪಶ್ಚಿಮ ತೀರದಲ್ಲಿ ಪತ್ತೆಯಾಗಿ, ಅಲ್ಲಿನ ಹುಲ್ಲುಹಾಸು, ಗಾಲ್ಫ್ ಮೈದಾನಗಳಿಗೆ ಇಂದಿಗೂ ತಲೆನೋವಾಗಿದೆ.

ಒಣ ಆಗಸ್ಟಿನ ಸಾಲ

ತೇವವೇ ಬದುಕಾದ ಜೀವಿಗೆ ಒಣಗಿದ ನೆಲವೇ ಮರಣ. ಮೊಟ್ಟೆ ಮತ್ತು ಆಗತಾನೆ ಹುಟ್ಟಿದ ಮರಿ ಒಣಮಣ್ಣಿನಲ್ಲಿ ಬದುಕಲಾರವು. ಇದರ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ನಡೆದ ಅಧ್ಯಯನವೇ ಸಾಕ್ಷಿ. ಅಲ್ಲಿನ ಜೌಗು ಬಯಲಿನಲ್ಲಿ ಗೂಡು ಮಾಡುವ ಗೋಲ್ಡನ್ ಪ್ಲವರ್ ಹಕ್ಕಿಯ ಮರಿಗಳಿಗೆ ವಸಂತದ ಕೊನೆಯಲ್ಲಿ ಏಕಕಾಲಕ್ಕೆ ಏಳುವ ಕ್ರೇನ್ ಫ್ಲೈಗಳೇ ಮುಖ್ಯ ಆಹಾರ. ಒಂದು ವರ್ಷ ಆಗಸ್ಟ್ ಹೆಚ್ಚು ಬಿಸಿಯಾದರೆ ನೆಲದ ಮೇಲ್ಪದರ ಒಣಗಿ ಎಳೆಮರಿಗಳು ಸಾಯುತ್ತವೆ. ಮರುವರ್ಷ ಕ್ರೇನ್ ಫ್ಲೈ ಕಡಿಮೆ, ಹಕ್ಕಿಮರಿಗಳಿಗೆ ಹಸಿವು. ಅದರ ಮರುವರ್ಷ ಗೂಡು ಕಟ್ಟುವ ಹಕ್ಕಿಗಳೇ ಕಡಿಮೆ. ಎರಡು ವರ್ಷ ತಡವಾಗಿ ತೀರಿಸಬೇಕಾದ ಸಾಲ.

ಇದಕ್ಕೆ ಕಂಡುಕೊಂಡ ಪರಿಹಾರವೂ ಸರಳ. ಹಿಂದೆ ಜೌಗನ್ನು ಒಣಗಿಸಲೆಂದು ತೋಡಿದ್ದ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿದ ಕಡೆ ಮಣ್ಣು ಮತ್ತೆ ತೇವ ಹಿಡಿಯಿತು, ಕ್ರೇನ್ ಫ್ಲೈ ಸಂಖ್ಯೆಯೂ ಏರಿತು.

ಕೊಡಗಿನಿಂದ ಮ್ಯಾಸಚೂಸೆಟ್ಸ್‌ವರೆಗೆ

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ಕ್ರೇನ್ ಫ್ಲೈ ಪ್ರಭೇದಗಳು 15,000ಕ್ಕೂ ಹೆಚ್ಚು. ಭಾರತದಲ್ಲೇ ಸಾವಿರಕ್ಕೂ ಮಿಕ್ಕಿ ಇವೆ. ನಮ್ಮವನ್ನು ಮೊದಲು ಪುಸ್ತಕಕ್ಕೆ ಇಳಿಸಿದವರಲ್ಲಿ ಪ್ರಮುಖ ಎನ್ರಿಕೊ ಬ್ರುನೆಟ್ಟಿ. ವೃತ್ತಿಯಲ್ಲಿ ಸಂಗೀತಗಾರ, ನೆಲೆಸಿದ್ದು ಕಲ್ಕತ್ತೆಯಲ್ಲಿ, ಮನಸ್ಸೆಲ್ಲ ನೊಣಗಳ ಮೇಲೆ. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಅವರ ಸಂಪುಟ ಬಂದದ್ದು 1912ರಲ್ಲಿ.

ಆದರೆ ಈ ಕ್ಷೇತ್ರದ ನಿಜವಾದ ಸಾಮ್ರಾಟ ಅಮೆರಿಕದ ಚಾರ್ಲ್ಸ್ ಪಿ. ಅಲೆಕ್ಸಾಂಡರ್ (1889–1981). ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಊರಿನ ಮನೆಯಲ್ಲಿ ಕುಳಿತು ಅವರು ವಿವರಿಸಿದ ಪ್ರಭೇದಗಳ ಸಂಖ್ಯೆ ಸುಮಾರು 11,000. ಏಳು ದಶಕಗಳ ದುಡಿಮೆಗೆ ಭಾಗಿಸಿದರೆ ಎರಡು ಮೂರು ದಿನಕ್ಕೊಂದು ಹೊಸ ಪ್ರಭೇದ! ಪತ್ನಿ ಮೇಬಲ್ ಈ ಕೆಲಸದಲ್ಲಿ ಜೀವನಪೂರ್ತಿ ಜೊತೆಗಿದ್ದರು. ದಕ್ಷಿಣ ಭಾರತದ ಸಂಗ್ರಾಹಕ ಪಿ. ಸೂಸೈ ನಾಥನ್ ಕೊಡಗು, ನೀಲಗಿರಿ, ಆನೆಮಲೆಗಳಲ್ಲಿ ಹಿಡಿದ ಕ್ರೇನ್ ಫ್ಲೈಗಳು ಹಡಗೇರಿ ಅಲ್ಲಿಗೆ ತಲುಪುತ್ತಿದ್ದವು. ಪಶ್ಚಿಮ ಘಟ್ಟದ ಎಷ್ಟೋ ಪ್ರಭೇದಗಳಿಗೆ ನಾಮಕರಣವಾದದ್ದು ಹೀಗೆ, ಆ ಕಾಡುಗಳಿಂದ ಬಹುದೂರ ಕುಳಿತ ಒಬ್ಬರ ಸೂಕ್ಷ್ಮದರ್ಶಕದ ಕೆಳಗೆ.

ಅಲೆಕ್ಸಾಂಡರ್ ಕೈಗೆ ಬಂದದ್ದು ಒಣಗಿದ ಪ್ರೌಢ ನೊಣಗಳು. ರೆಕ್ಕೆಯ ನರವಿನ್ಯಾಸ, ಗಂಡಿನ ಹೊಟ್ಟೆಯ ತುದಿಯ ರಚನೆ ನೋಡಿ ಹೆಸರಿಟ್ಟರು. ಆ ನೊಣ ಮರಿಯಾಗಿದ್ದಾಗ ಹೇಗಿತ್ತು, ಯಾವ ಹಳ್ಳದಲ್ಲಿತ್ತು, ಏನು ತಿನ್ನುತ್ತಿತ್ತು ಎಂಬುದು ಆ ಪೊಟ್ಟಣದಲ್ಲಿ ಬರುವಂತಿರಲಿಲ್ಲ. ಭಾರತದ ಬಹುಪಾಲು ಪ್ರಭೇದಗಳ ಮರಿಗಳ ವಿವರಣೆ ಇಂದಿಗೂ ಬರೆಯುವವರಿಗಾಗಿ ಕಾದಿದೆ.

ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹಳ್ಳದ ಬದಿಯ ಕೊಳೆತ ದರಗು ಒಂದು ಬೊಗಸೆ ತಂದು, ಬಿಳಿ ತಟ್ಟೆಯಲ್ಲಿ ನೀರಿನೊಡನೆ ಹರವಬೇಕು. ಹಿಂಬದಿಯಲ್ಲಿ ಎರಡು ಕಪ್ಪು ಚುಕ್ಕೆಯ ಹುಳು ಕಂಡರೆ ಫೋಟೊ ತೆಗೆದುಕೊಂಡು, ಅದೇ ದರಗಿನ ಜೊತೆ ಗಾಜಿನ ಜಾಡಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ಬೇಟೆಗಾರ ಮರಿಗಳು ಸೇರಿಕೊಂಡಿರಬಹುದು, ಆದ್ದರಿಂದ ಒಂದು ಜಾಡಿಗೆ ಒಂದೇ ಮರಿ. ದಿನಕ್ಕೊಮ್ಮೆ ನೀರು ಚಿಮುಕಿಸುವುದನ್ನು ಮರೆತರೆ ಎಲ್ಲ ವ್ಯರ್ಥ. ವಾರಗಳು ಕಳೆದ ಮೇಲೆ ತಲೆಯ ಬಳಿ ಎರಡು ಉಸಿರುಕೊಂಬು ಇರುವ ಕೋಶ ಮೇಲ್ಪದರಕ್ಕೆ ಏರಿ ಬರುತ್ತದೆ. ಅದರಿಂದ ನೊಣ ಹೊರಬಂದ ತಕ್ಷಣ ಹಿಡಿಯಬಾರದು. ರೆಕ್ಕೆ ಗಟ್ಟಿಯಾಗಿ ಬಣ್ಣ ತಿಳಿಯಾಗಲು ಒಂದು ದಿನ ಬಿಡಬೇಕು. ಕೋಶದ ಖಾಲಿ ಸಿಪ್ಪೆಯನ್ನೂ ಎಸೆಯದೆ ನೊಣದ ಜೊತೆಗೇ ಇಟ್ಟು ಊರು, ತಾರೀಕು ಬರೆದಿಟ್ಟರೆ, ಮರಿ ಯಾವುದು ನೊಣ ಯಾವುದು ಎಂದು ಜೋಡಿಸಲು ಕೀಟತಜ್ಞರಿಗೆ ಬೇಕಾದದ್ದೆಲ್ಲ ಅಲ್ಲಿರುತ್ತದೆ.